ಅಣುಸ್ಥಾವರ ಬರುತ್ತದಂತೆ: ಊರೊಳಗೆ ಜಗಳ ಸರಿಯಾಗಿ ಆಡುವುದು ಹೇಗೆ

2025ರ ಆರಂಭದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆ ಅಂತ ಸುದ್ದಿ ಬಂತು. ಅರಸಿನಕೇರಿ ಕಡೆಯ ಹೆಸರು ಪೇಪರಿನಲ್ಲಿ ಬಂದ ದಿನದಿಂದ ಮಿರ್ಚಿ ಅಂಗಡಿಗಳಲ್ಲಿ ಬೇರೆ ಮಾತೇ ಇಲ್ಲ. ಒಬ್ಬರು ಚೆರ್ನೋಬಿಲ್ ಅಂದರು. ಇನ್ನೊಬ್ಬರು ಎಕರೆಗೆ ಎಷ್ಟು ಕೊಡುತ್ತಾರಂತೆ ಅಂತ ಕೇಳಿದರು. ಮೂರನೆಯವರು, "ನಮ್ಮ ಹುಡುಗ ಡಿಪ್ಲೊಮಾ ಮಾಡ್ಯಾನ, ಬರ್ಲಿ ಬಿಡ್ರಿ" ಅಂದರು. ಒಗ್ಗರಣೆ ಪ್ಲೇಟು ಖಾಲಿಯಾಗುವಷ್ಟರಲ್ಲಿ ಮೂವರ ನಡುವೆ ಮಾತು ನಿಂತಿತ್ತು.

ಸ್ಥಾವರ ಬೇಕೋ ಬೇಡವೋ ಅಂತ ತೀರ್ಪು ಕೊಡೋಕೆ ನಾನು ಕೂತಿಲ್ಲ. ನನಗೂ ಒಂದು ಅಭಿಪ್ರಾಯ ಇದೆ, ಓದುತ್ತಾ ಹೋದರೆ ಗೊತ್ತಾಗುತ್ತದೆ, ಮುಚ್ಚಿಡುವುದಿಲ್ಲ. ಊರಿನ ಸಭೆಗಳಲ್ಲಿ ನಡಾವಳಿ ಬರೆಯುವ ಕೆಲಸ ಬಹಳ ವರ್ಷದಿಂದ ನನ್ನ ಪಾಲಿಗೇ ಬೀಳುತ್ತಿದೆ. ಕೆರೆ ಹೂಳು, ಗೈರಾಣ ಒತ್ತುವರಿ, ಗಾಳಿ ಫ್ಯಾನಿನವರು ಹೊಲದೊಳಗೆ ಮಾಡಿದ ರಸ್ತೆ, ಹೀಗೆ ಎಲ್ಲ ಜಗಳವನ್ನೂ ಬರೆದಿದ್ದೇನೆ. ಅಲ್ಲಿ ಕಲಿತದ್ದನ್ನೂ, ಕೈಗಾದಿಂದ ಹಿಡಿದು ಜಪಾನಿನ ತನಕ ಸ್ಥಾವರದ ಮಗ್ಗುಲಲ್ಲಿ ಬದುಕುವ ಊರುಗಳು ಮಾಡಿದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ. ರಾಯಚೂರು, ಬಳ್ಳಾರಿ ಕಡೆಯವರೂ ಓದಿ. 2047ರ ಹೊತ್ತಿಗೆ 100 ಗಿಗಾವ್ಯಾಟ್ ಅಣು ವಿದ್ಯುತ್ ಮಾಡುತ್ತೇವೆ ಅಂತ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿತು. ಆಗ ದೇಶದಲ್ಲಿ ಇದ್ದದ್ದು 8 ಗಿಗಾವ್ಯಾಟ್ ಚಿಲ್ಲರೆ. ಉಳಿದದ್ದಕ್ಕೆ ಎಲ್ಲೋ ಒಂದು ಕಡೆ ಜಾಗ, ನೀರು ಬೇಕಲ್ವಾ.

ಮೊದಲ ಸಭೆಯಲ್ಲಿ ಕೈ ಎತ್ತಿಸಬೇಡಿ

ನಾವು ಮಾಡಿದ ತಪ್ಪು ಇದೇ. ಹನುಮಪ್ಪನ ಗುಡಿ ಕಟ್ಟೆ ಮೇಲೆ ಅರವತ್ತು ಎಪ್ಪತ್ತು ಜನ ಸೇರಿದ್ದೆವು. ಹತ್ತು ನಿಮಿಷ ಆಗಿರಲಿಲ್ಲ, ಒಬ್ಬ ಹಿರಿಯರು ಎದ್ದು "ಬ್ಯಾಡ ಅನ್ನೋರು ಕೈ ಎತ್ರಿ" ಅಂದುಬಿಟ್ಟರು. ಮುಕ್ಕಾಲು ಪಾಲು ಕೈ ಮೇಲೆ ಹೋದವು. ಎತ್ತದವರ ಕಡೆ ಎಲ್ಲರೂ ತಿರುಗಿ ನೋಡಿದರು. ಅವರಲ್ಲಿ ಒಬ್ಬ ನಾಲ್ಕೆಕರೆ ಮಸಾರಿ ಹೊಲದವ, ಮೂರು ಬೋರು ಕೊರೆಸಿ ಮೂರೂ ಫೇಲಾಗಿ ಸಾಲದಲ್ಲಿರುವವ. ಅವನಿಗೆ ಅಣುಶಕ್ತಿಯ ಮೇಲೆ ಪ್ರೀತಿ ಏನಿಲ್ಲ, ಸಾಲ ತೀರುವ ದಾರಿ ಒಂದು ಕಂಡಿತ್ತು. ಅವತ್ತು ಎದ್ದು ಹೋದವನು ಮುಂದಿನ ಎರಡು ಸಭೆಗೆ ಬರಲಿಲ್ಲ. ಅವನ ಓಣಿಯವರೂ ಬರಲಿಲ್ಲ. ಒಂದು ಕಾಗದವೂ ಯಾರ ಕೈಗೂ ಸಿಕ್ಕಿರಲಿಲ್ಲ, ಆಗಲೇ ಊರು ಎರಡು ಪಾಲಾಗಿತ್ತು.

ಅದಕ್ಕೆ ಮೊದಲ ಸಭೆಗೆ ಒಂದೇ ಕೆಲಸ ಇಡಿ: ಪ್ರಶ್ನೆ ಸೇರಿಸುವುದು. ಇನ್ನೂರು ಪುಟದ ಒಂದು ಗಟ್ಟಿ ನೋಟ್‌ಬುಕ್ ತಗೊಳ್ಳಿ. ಒಬ್ಬರು ಬರೆಯಲಿ, ಪ್ರಶ್ನೆಗೆ ನಂಬರ್ ಹಾಕಲಿ. ಉತ್ತರ ಯಾರೂ ಕೊಡಬಾರದು, ಗೊತ್ತಿದ್ದವರೂ ಬಾಯಿ ಮುಚ್ಚಿಕೊಂಡಿರಬೇಕು, ಇದು ಕಷ್ಟ, ಅದರಲ್ಲೂ ನಿವೃತ್ತ ಮೇಷ್ಟ್ರುಗಳಿಗೆ ಬಹಳ ಕಷ್ಟ. "ಎಕರೆಗೆ ಎಷ್ಟು" ಅನ್ನೋದೂ ಪ್ರಶ್ನೆಯೇ, "ಮಕ್ಕಳಾಗಲ್ವಂತೆ ಹೌದಾ" ಅನ್ನೋದೂ ಪ್ರಶ್ನೆಯೇ. ಯಾರದ್ದಕ್ಕೂ ನಗಬೇಡಿ. ಒಂದು ಸಲ ನಕ್ಕರೆ ಆ ಮನೆಯವರು ಮತ್ತೆ ಬಾಯಿ ಬಿಡುವುದಿಲ್ಲ.

ಇನ್ನೊಂದು. ಬೇಕು, ಬೇಡ ಅನ್ನುವ ಎರಡೇ ಉತ್ತರ ಇರಬೇಕು ಅಂತ ಏನೂ ಇಲ್ಲ. ಜಪಾನಿನಲ್ಲಿ ಕರಿವಾ ಅಂತ ಒಂದು ಹಳ್ಳಿ ಇದೆ. ಜಗತ್ತಿನಲ್ಲೇ ದೊಡ್ಡದಾದ ಅಣು ವಿದ್ಯುತ್ ಸ್ಥಾವರ ಅದರ ಪಕ್ಕದಲ್ಲಿದೆ, ಊರಿನ ಖಜಾನೆಗೆ ದುಡ್ಡು ಬರುವುದೂ ಅಲ್ಲಿಂದಲೇ. 2001ರ ಮೇ ತಿಂಗಳಲ್ಲಿ ಊರವರು ಮತ ಹಾಕಿದ್ದು ಸ್ಥಾವರ ಇರಬೇಕಾ ಅಂತ ಅಲ್ಲ, ಪ್ಲುಟೋನಿಯಂ ಬೆರೆಸಿದ ಇಂಧನವನ್ನು ಅದರಲ್ಲಿ ಉರಿಸಬಹುದಾ ಅಂತ. ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂದರು. ಸ್ಥಾವರ ಉಳಿಯಿತು, ಆ ಇಂಧನದ ಕೆಲಸ ಮುಂದಕ್ಕೆ ಹೋಯಿತು. ಹೀಗೆ ಒಂದೊಂದು ವಿಷಯ ಬಿಡಿಸಿ ಹಿಡಿದರೆ ಮಸಾರಿ ಹೊಲದವನೂ ಕೈ ಎತ್ತಿಸಿದ ಹಿರಿಯರೂ ಎಷ್ಟೋ ಕಡೆ ಒಂದೇ ಮಾತು ಆಡುತ್ತಾರೆ.

ನಕ್ಷೆ ನೆಲಕ್ಕೆ ಹಾಸಿ, ದಾರ ಹಿಡಿಯಿರಿ

ಎರಡನೇ ಸಭೆಗೆ ನಕ್ಷೆ ತನ್ನಿ. ಮೊಬೈಲಿನಲ್ಲಿ ತೋರಿಸಿದರೆ ನಾಲ್ಕು ಜನ ಇಣುಕುತ್ತಾರೆ, ಉಳಿದವರು ಹಿಂದೆ ಕೂತು ಕತೆ ಕಟ್ಟುತ್ತಾರೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳನ್ನು ಆನ್‌ಲೈನಿನಲ್ಲಿ ಇಳಿಸಿಕೊಳ್ಳಬಹುದು. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಹಾಳೆಗಳನ್ನು ಜೋಡಿಸಿ ನಾಲ್ಕು ಪಟ್ಟು ದೊಡ್ಡದು ಮಾಡಿ 10 ಅಡಿಗೆ 10 ಅಡಿ ಫ್ಲೆಕ್ಸ್ ಹೊಡೆಸಿ. ಹುಟ್ಟುಹಬ್ಬಕ್ಕೆ ಅದಕ್ಕಿಂತ ದೊಡ್ಡ ಫ್ಲೆಕ್ಸ್ ಹಾಕುತ್ತೇವೆ, ಊರಿಗೊಂದು ಹಾಕಿದರೆ ಏನೂ ಹೋಗಲ್ಲ. ಈಗ 1 ಕಿಲೋಮೀಟರ್ ಅಂದರೆ 8 ಸೆಂಟಿಮೀಟರ್. ಹೂ ಕಟ್ಟುವ ದಾರ ತಗೊಂಡು 8, 40, 128 ಸೆಂಟಿಮೀಟರಿಗೆ ಮೂರು ಗಂಟು ಹಾಕಿ, ಗಂಟಿಗೆ ಅರಿಶಿನ ಹಚ್ಚಿ.

ನಾವು ಶಾಲೆ ವರಾಂಡದಲ್ಲಿ ಹಾಸಿದೆವು. ಗಾಳಿಗೆ ಏಳದ ಹಾಗೆ ನಾಲ್ಕು ಮೂಲೆಗೂ ಕಲ್ಲು. ಎಂಟನೇ ಕ್ಲಾಸಿನ ಹುಡುಗಿ ದಾರದ ತುದಿಯನ್ನು ಜಾಗದ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿದಳು, ಇನ್ನೊಬ್ಬ ಹುಡುಗ ಮಾರ್ಕರ್ ಪೆನ್ನು ಹಿಡಿದು ಮೊಣಕಾಲ ಮೇಲೆ ಸುತ್ತು ಹೊಡೆದ. ಮೂರನೇ ಗೆರೆ ಅರ್ಧ ಸುತ್ತಿರಲಿಲ್ಲ, ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ ಎದ್ದು ಬಂದು, "ನನ್ನ ಮಗಳನ್ನ ಕೊಟ್ಟ ಊರು ಒಳಗೈತೇನಪಾ, ಹೊರಗೈತೇನಪಾ?" ಅಂತ ಕೇಳಿದರು. ಊರಿನ ಹೆಸರು ಹೇಳಿದರು. ಗೆರೆ ಸರಿಯಾಗಿ ಅದರ ಕೆರೆ ಮೇಲೆ ಹಾದು ಹೋಗಿತ್ತು. ಅಲ್ಲಿಂದ ಮುಂದೆ ಸಭೆ ನಡೆಸುವ ತೊಂದರೆಯೇ ಬರಲಿಲ್ಲ, ಎಲ್ಲರೂ ನೆಲದ ಮೇಲೆ ಬಗ್ಗಿದ್ದರು.

ಮೂರು ಗೆರೆಗೂ ಬೇರೆ ಬೇರೆ ಅರ್ಥ ಇದೆ. ಇವು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಲ್ಲಿ ಇರುವ ಅಳತೆಗಳು. ಮೊದಲನೆಯದು ಬೇಲಿಯ ಒಳಗೆ, ಅಲ್ಲಿ ಯಾರೂ ವಾಸ ಇರುವ ಹಾಗಿಲ್ಲ. ಕನಿಷ್ಠ 1 ಕಿಲೋಮೀಟರ್, ಹಳೆಯ ಸ್ಥಾವರಗಳಲ್ಲಿ ಸುಮಾರು 1.5. ಒಂದೇ ಕಿಲೋಮೀಟರ್ ಅಂದರೂ ಸುತ್ತಳತೆಯೊಳಗೆ ಸುಮಾರು 775 ಎಕರೆ ಬೀಳುತ್ತದೆ. ಎರಡನೆಯದು 5 ಕಿಲೋಮೀಟರ್. ಅಲ್ಲಿ ಊರುಗಳು ಇರುತ್ತವೆ, ಮನೆತನ ಬೆಳೆದ ಹಾಗೆ ಊರೂ ಬೆಳೆಯಬಹುದು, ಆದರೆ ಹೊರಗಿನಿಂದ ಜನ ಬಂದು ತುಂಬುವಂಥ ಬೆಳವಣಿಗೆಗೆ ಸರ್ಕಾರ ಕಡಿವಾಣ ಹಾಕುತ್ತದೆ. ಹೊಲಕ್ಕೆ ಲೇಔಟ್ ರೇಟು ಬರುತ್ತದೆ ಅಂತ ಕನಸು ಕಾಣುವವರು ಈ ಗೆರೆಯನ್ನು ಎರಡು ಸಲ ನೋಡಬೇಕು. ಮೂರನೆಯದು 16 ಕಿಲೋಮೀಟರ್, ಅವಘಡ ಆದರೆ ಜನರನ್ನು ಹೇಗೆ ಎಬ್ಬಿಸಿ ಕರೆದೊಯ್ಯಬೇಕು ಅನ್ನೋ ಯೋಜನೆ ಮೊದಲೇ ಇರಬೇಕಾದ ವಲಯ. ಆ ಯೋಜನೆಯ ಹೊಣೆ ಡಿಸಿ ಮೇಲೆ. ನಮ್ಮ ಗೆರೆಯೊಳಗೆ ಬಂದ ಎಷ್ಟೋ ಊರುಗಳಿಗೆ ಇಂಥದ್ದೊಂದು ಸುದ್ದಿ ಇದೆ ಅಂತಲೇ ಗೊತ್ತಿರಲಿಲ್ಲ. ಮುಂದಿನ ಸಭೆಗೆ ಅವರನ್ನೂ ಕರೆಯಿರಿ.

ಜಾಗ ಪಕ್ಕಾ ಆಗಿಲ್ಲ ಅಂದರೆ ಬಾಯಿಂದ ಬಾಯಿಗೆ ಓಡಾಡುತ್ತಿರುವ ಪ್ರತಿ ಸರ್ವೆ ನಂಬರಿನಿಂದಲೂ ಒಂದೊಂದು ಸುತ್ತು ಹಾಕಿ. ಸರ್ವೆ ನಂಬರ್ ನೆಲದ ಮೇಲೆ ಎಲ್ಲಿದೆ ಅಂತ ದಿಶಾಂಕ್ ಆ್ಯಪಿನಲ್ಲಿ ಸಿಗುತ್ತದೆ.

ಬಾರದವರನ್ನು ಎಣಿಸಿ

ನಮ್ಮ ಕಡೆ ಸಭೆಗೆ ಬಂದವರು ಯಾರು ಅನ್ನೋದಕ್ಕಿಂತ ಬಾರದವರು ಯಾರು ಅಂತ ಮೊದಲು ನೋಡಬೇಕು. ಊರಿನ ಎಷ್ಟೋ ಮನೆ ವರ್ಷದಲ್ಲಿ ಆರು ತಿಂಗಳು ಬೀಗ. ಗುಳೆ ಹೋದವರು ಬೆಂಗಳೂರಲ್ಲಿ ಇಟ್ಟಿಗೆ ಹೊರುತ್ತಿರುತ್ತಾರೆ. ಇಲ್ಲಿನ ನಾಳೆಯ ಬಗ್ಗೆ ಇಲ್ಲಿ ಉಳಿಯಲಾಗದವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಅವರು ವಾಪಸ್ ಬರುವುದು ಅಲಾಯಿ ಹಬ್ಬಕ್ಕೆ, ಯುಗಾದಿಗೆ, ಊರ ಜಾತ್ರೆಗೆ. ದೊಡ್ಡ ಸಭೆಯನ್ನು ಆ ವಾರಕ್ಕೆ ಇಡಿ. ತಾಂಡಾದವರಿಗೆ ಬೇರೆ ಹೋಗಿ ಹೇಳಿ, ಡಂಗುರ ತಾಂಡಾ ತನಕ ಹೋಗುವುದಿಲ್ಲ.

ಸಂಜೆ ಏಳಕ್ಕೆ ಸಭೆ ಇಟ್ಟರೆ ಅದು ರೊಟ್ಟಿ ಬಡಿಯುವ ಹೊತ್ತು. ಹೆಣ್ಣುಮಕ್ಕಳು ಬರಲಿಲ್ಲ ಅಂತ ಆಮೇಲೆ ಗೊಣಗಬೇಡಿ. ಸ್ವಸಹಾಯ ಸಂಘದವರು ದುಡ್ಡು ಕಟ್ಟಲು ಸೇರುವ ದಿನ ಅಲ್ಲಿಗೇ ನೋಟ್‌ಬುಕ್ ತಗೊಂಡು ಹೋಗಿ. ನಮ್ಮಲ್ಲಿ ಕುಡಿಯುವ ನೀರಿನ ಪ್ರಶ್ನೆಗಳು ಪೂರ್ತಿ ಬಂದದ್ದು ಅಲ್ಲಿಂದಲೇ.

ಲಾವಣಿಗೆ ಹೊಲ ಮಾಡುವವರು, ಕೂಲಿಯವರು, ಕುರಿ ಕಾಯುವವರು, ಇವರದ್ದು ಇನ್ನೊಂದು ಕತೆ. ಪಹಣಿಯಲ್ಲಿ ಅವರ ಹೆಸರಿಲ್ಲ, ಹಾಗಾಗಿ ಪರಿಹಾರದ ಮಾತು ಬಂದಾಗ ಅವರು ಊರಲ್ಲೇ ಇಲ್ಲದ ಹಾಗೆ ಮಾತಾಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಆ ಜಾಗದಲ್ಲಿ ಮೂರು ವರ್ಷದಿಂದ ದುಡಿದು ಬದುಕುತ್ತಿರುವ ಕೂಲಿಯವರು, ಗೇಣಿದಾರರು, ಪಾಲಿಗೆ ಮಾಡುವವರ ಕುಟುಂಬಗಳೂ ಬಾಧಿತ ಕುಟುಂಬಗಳೇ. ಮೂರು ವರ್ಷ ಅನ್ನೋದಕ್ಕೆ ಸಾಕ್ಷಿ ಬೇಕು. ಗೊಬ್ಬರದಂಗಡಿ ಬಿಲ್ಲು, ಭತ್ತ ಮಾರಿದ ಚೀಟಿ, ನರೇಗಾ ಜಾಬ್ ಕಾರ್ಡು, ಏನಿದ್ದರೂ ಒಂದು ಫೈಲಿಗೆ ಹಾಕಿಡಲು ಈಗಲೇ ಹೇಳಿ. ಬಗರ್‌ಹುಕುಂ ಅರ್ಜಿ ಹಾಕಿದವರು ಅರ್ಜಿಯ ಸ್ವೀಕೃತಿ ಹುಡುಕಿಟ್ಟುಕೊಳ್ಳಲಿ.

ನೀರಿಗೆ ಒಂದು ಇಡೀ ದಿನ

ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಗಳ ಚರ್ಚೆ ವಿಕಿರಣದಿಂದ ಶುರು ಆಗಬಾರದು, ನೀರಿನಿಂದ ಆಗಬೇಕು. ಕೂಡಂಕುಳಂ ಸಮುದ್ರದ ದಂಡೆಯಲ್ಲಿದೆ, ಕೈಗಾ ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯಲ್ಲಿದೆ. ನಮ್ಮ ಹತ್ತಿರ ಇರುವುದು ತುಂಗಭದ್ರಾ, ರಾಯಚೂರಿನವರಿಗೆ ಕೃಷ್ಣೆಯೂ ಉಂಟು. ತುಂಗಭದ್ರಾ ಡ್ಯಾಮಿನ ಕತೆ ಎಲ್ಲರಿಗೂ ಗೊತ್ತು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ನದಿ ಪಾಲಾದ ನೀರನ್ನು ನೋಡುತ್ತಾ ಎಡದಂಡೆಯ ರೈತರು ನಿದ್ದೆಗೆಟ್ಟಿದ್ದು ಮರೆತಿಲ್ಲ. ನೀರು ಇದ್ದ ವರ್ಷವೂ ಗಂಗಾವತಿ ದಾಟಿ ಸಿಂಧನೂರು, ಮಾನ್ವಿ, ಸಿರವಾರದ ಕೆಳಭಾಗಕ್ಕೆ ಹೋಗುವಷ್ಟರಲ್ಲಿ ಕಾಲುವೆ ಒಣಗಿರುತ್ತದೆ. ಇಷ್ಟರ ಮೇಲೆ ಈ ನೀರು ನಮ್ಮೊಬ್ಬರದ್ದಲ್ಲ, ಆಂಧ್ರ, ತೆಲಂಗಾಣದ ಪಾಲೂ ಇದೆ.

ಈಗ ಹೋಲಿಕೆಗೆ ಹರಿಯಾಣ ನೋಡಿ. ಫತೇಹಾಬಾದ್ ಜಿಲ್ಲೆಯ ಗೋರಖ್‌ಪುರ ಅನ್ನೋ ಊರಲ್ಲಿ 700 ಮೆಗಾವ್ಯಾಟಿನ ನಾಲ್ಕು ಘಟಕ ಕಟ್ಟುತ್ತಿದ್ದಾರೆ. ಸಮುದ್ರ ಇಲ್ಲ, ದೊಡ್ಡ ನದಿ ಇಲ್ಲ, ಭಾಖ್ರಾ ಕಾಲುವೆಯ ನೀರೇ ಆಧಾರ. ನಮ್ಮ ಥರಾನೇ. ಅದಕ್ಕೆ ಗೊತ್ತು ಮಾಡಿದ್ದು 320 ಕ್ಯೂಸೆಕ್. ಕಾಲುವೆ ರೈತನಿಗೆ ಲೆಕ್ಕ ಹೇಳಿಕೊಡಬೇಕಿಲ್ಲ, ಆದರೂ ಬೋರ್ಡಿನ ಮೇಲೆ ಬರೆದು ತೋರಿಸಿ: 320 ಕ್ಯೂಸೆಕ್ ವರ್ಷವಿಡೀ ಹರಿದರೆ ಸುಮಾರು 10 ಟಿಎಂಸಿ. ಅದೆಲ್ಲ ಆವಿಯಾಗಿ ಹೋಗುತ್ತದೆ ಅಂತ ಅಲ್ಲ, ಒಂದಷ್ಟು ವಾಪಸ್ ಬರಬಹುದು. ಅದನ್ನೇ ಕೇಳಬೇಕು. ಎಷ್ಟು ಎತ್ತುತ್ತೀರಿ, ಎಷ್ಟು ಆವಿ, ಎಷ್ಟು ವಾಪಸ್, ಬರುವಾಗ ಎಷ್ಟು ಬಿಸಿ, ಎಲ್ಲಿ ಬಿಡುತ್ತೀರಿ?

ಅದಕ್ಕಿಂತ ದೊಡ್ಡ ಪ್ರಶ್ನೆ ಬೇಸಿಗೆಯದ್ದು. ಕಾಲುವೆ ವರ್ಷದಲ್ಲಿ ಕೆಲವು ತಿಂಗಳು ಬಂದ್. ಸ್ಥಾವರಕ್ಕೆ ಬಂದ್ ಅನ್ನೋದಿಲ್ಲ. ವಿದ್ಯುತ್ ತಯಾರಿ ನಿಲ್ಲಿಸಿದ ಮೇಲೂ ಒಳಗಿನ ಇಂಧನ ಬಿಸಿ ಕಾರುತ್ತಲೇ ಇರುತ್ತದೆ, ತಣಿಸಲು ನೀರು ಬೇಕೇ ಬೇಕು. 2011ರಲ್ಲಿ ಫುಕುಶಿಮಾದಲ್ಲಿ ಕೆಟ್ಟದ್ದು ಇದೇ: ಭೂಕಂಪಕ್ಕೆ ಸ್ಥಾವರ ತಾನಾಗಿ ನಿಂತಿತು, ಸುನಾಮಿ ಬಂದು ಕರೆಂಟು ಹೋಗಿ ತಣಿಸುವುದು ನಿಂತಿತು. ಹಾಗಾಗಿ ಬರ ಬಿದ್ದ ವರ್ಷ ಡ್ಯಾಮಿನ ಕೊನೆಯ ನೀರು ಮೊದಲು ಯಾರಿಗೆ ಅಂತ ಬರಹದಲ್ಲಿ ಕೇಳಿ. ಮೊದಲು ಕುಡಿಯಲಿಕ್ಕೆ, ಆಮೇಲೆ ಸ್ಥಾವರಕ್ಕೆ, ಆಮೇಲೆ ಭತ್ತಕ್ಕೆ ಅಂತ ಉತ್ತರ ಬಂದರೆ ಸಿಂಧನೂರಿನವರನ್ನೂ ಸಭೆಗೆ ಕರೆಯಬೇಕಾಗುತ್ತದೆ. ಅವರು 16 ಕಿಲೋಮೀಟರ್ ಗೆರೆಯೊಳಗೆ ಇಲ್ಲದಿರಬಹುದು, ಕಾಲುವೆಯ ಗೆರೆಯ ಮೇಲೆ ಇದ್ದಾರೆ.

ನನ್ನ ಅಭಿಪ್ರಾಯ ಎಲ್ಲಿ ವಾಲುತ್ತದೆ ಅಂತ ಈಗ ಗೊತ್ತಾಗಿರಬೇಕು. ನೀರಿನ ಲೆಕ್ಕ ಕಾಗದದ ಮೇಲೆ ಬರುವ ತನಕ ನಾನು ಹೂಂ ಅನ್ನುವುದಿಲ್ಲ.

ಕೆಲಸ ಸಿಗುತ್ತದಾ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಡಿ. ಶಕ್ತಿನಗರದಲ್ಲಿ 1985ರಿಂದ ಥರ್ಮಲ್ ಸ್ಥಾವರ ಇದೆ, 1720 ಮೆಗಾವ್ಯಾಟ್. ಕುಡಿತಿನಿಯಲ್ಲಿ 1700. ಯರಮರಸ್‌ನಲ್ಲಿ 1600. ಅಲ್ಲಿನ ಸುತ್ತಲ ಊರಿನಿಂದ ಇಬ್ಬರನ್ನು ಕರೆಸಿ, ಚಾ ಕೊಟ್ಟು ಕೇಳಿ: ಕಟ್ಟುವಾಗ ಎಷ್ಟು ಜನಕ್ಕೆ ಕೂಲಿ ಸಿಕ್ಕಿತು, ಕಟ್ಟಿ ಮುಗಿದ ಮೇಲೆ ಎಷ್ಟು ಜನ ಉಳಿದರು, ಅದರಲ್ಲಿ ಪರ್ಮನೆಂಟ್ ಎಷ್ಟು, ಗುತ್ತಿಗೆ ಎಷ್ಟು, ಜಮೀನು ಕೊಟ್ಟ ಮನೆಯ ಹುಡುಗರು ಯಾವ ಗೇಟಿನಲ್ಲಿ ನಿಂತಿದ್ದಾರೆ. ಹಾರುಬೂದಿಯ ಬಗ್ಗೆಯೂ ಅವರು ಹೇಳುತ್ತಾರೆ. ಬೂದಿ ವಿಷಯದಲ್ಲಿ ಅಣುಸ್ಥಾವರದ ಪರ ಇರುವವರ ಮಾತಿಗೆ ತೂಕ ಇದೆ, ಒಪ್ಪಿಕೊಳ್ಳಬೇಕು. ಕಲ್ಲಿದ್ದಲು ಇಲ್ಲ, ಬೂದಿ ಇಲ್ಲ, ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆ ಕಪ್ಪಾಗುವುದಿಲ್ಲ.

ಆದರೆ ಒಂದು ಸಣ್ಣ ಅಕ್ಷರದ ವಿಷಯ. ನಮಗೆ 371 ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಲ್ಲಿ ಬಂದ ಮೀಸಲಾತಿ, ಇದೆ ಅಂತ ಎಲ್ಲರೂ ಧೈರ್ಯವಾಗಿರುತ್ತಾರೆ. ಆ ಮೀಸಲಾತಿ ಇರುವುದು ರಾಜ್ಯ ಸರ್ಕಾರ ಮತ್ತು ಅದರ ಹಿಡಿತದ ಸಂಸ್ಥೆಗಳ ಹುದ್ದೆಗೆ. ಅಣು ವಿದ್ಯುತ್ ನಿಗಮ ಕೇಂದ್ರದ್ದು. ಅಲ್ಲಿನ ನೇಮಕಾತಿಗೆ 371 ಜೆ ತೋರಿಸಿ ಪ್ರಯೋಜನ ಇಲ್ಲ. ಸ್ಥಳೀಯರಿಗೆ ಇಷ್ಟು ಅಂತ ಬೇಕಿದ್ದರೆ ಬೇರೆ ಒಪ್ಪಂದದಲ್ಲೇ ಬರೆಸಬೇಕು, ಯಾವ ಐಟಿಐ ಟ್ರೇಡು, ಎಷ್ಟು ಸೀಟು, ಯಾವ ವರ್ಷದಿಂದ ಅಂತ. "ಆದ್ಯತೆ ನೀಡಲಾಗುವುದು" ಅನ್ನೋ ಸಾಲನ್ನು ನಾನು ಎಷ್ಟೋ ನಡಾವಳಿಯಲ್ಲಿ ಬರೆದಿದ್ದೇನೆ, ಅದರಿಂದ ಒಬ್ಬರಿಗೂ ಕೆಲಸ ಸಿಕ್ಕಿದ್ದು ನೋಡಿಲ್ಲ.

ಕಂಡದ್ದು, ಓದಿದ್ದು, ಕೇಳಿದ್ದು

ವಿಕಿರಣದ ಮಾತು ಬಂದ ಕೂಡಲೇ ಸಭೆ ಕೈ ತಪ್ಪುತ್ತದೆ. ನಾವು ಒಂದು ಉಪಾಯ ಮಾಡಿದೆವು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಕಂಡದ್ದು, ಓದಿದ್ದು, ಕೇಳಿದ್ದು. ಯಾರು ಏನೇ ಹೇಳಲಿ, ಯಾವ ಕಾಲಂ ಅಂತ ಅವರೇ ಹೇಳಬೇಕು. ವಾಟ್ಸಾಪ್ ಫಾರ್ವರ್ಡ್ ಎಲ್ಲ ಕೇಳಿದ್ದು. ಅಧಿಕಾರಿ ವೇದಿಕೆ ಮೇಲೆ ಹೇಳಿದ್ದೂ ಕಾಗದ ಕೊಡುವ ತನಕ ಕೇಳಿದ್ದೇ.

ಕೈಗಾದ ಉದಾಹರಣೆ ಇಡುತ್ತೇನೆ. 1994ರ ಮೇ 13ರಂದು ಕಟ್ಟುತ್ತಿದ್ದ ಘಟಕದ ಗುಮ್ಮಟದ ಒಳಪದರ ಕಳಚಿ ಬಿತ್ತು. ಆಗ ಇಂಧನ ತುಂಬಿರಲಿಲ್ಲ. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಅನ್ನೋ ವಿಕಿರಣ ಸೂಸುವ ವಸ್ತು ಬೆರೆತು ಐವತ್ತಕ್ಕೂ ಜಾಸ್ತಿ ನೌಕರರ ದೇಹಕ್ಕೆ ಸೇರಿತು. ಅದೇ ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ಒಂದೇ ಸಮ ಓಡಿ ಜಗತ್ತಿನ ದಾಖಲೆ ಮಾಡಿತು. ಮೂರೂ ದಾಖಲಾದ ಮಾತು, ಮೂರೂ ಎರಡನೇ ಕಾಲಮಿಗೆ ಹೋಗುತ್ತವೆ. ತಮಗೆ ಬೇಕಾದದ್ದನ್ನು ಮಾತ್ರ ಓದಿ ಹೇಳುವ ಹಾಗಿಲ್ಲ. ಅಲ್ಲಿನ ಚರ್ಚೆ ಬಹಳ ಹಳೆಯದು. ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ವಿಷಯ ಹಿಡಿದು ಲೋಕಸಭೆಗೆ ನಿಂತಿದ್ದರು. ಗೆಲ್ಲಲಿಲ್ಲ.

ಸ್ಥಾವರದಿಂದ ಜನರಿಗೆ ತಗಲಬಹುದಾದ ವಿಕಿರಣಕ್ಕೆ ನಿಯಮದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣ ಅಳೆಯುವ ಮಾನ). ಮಣ್ಣು, ಕಲ್ಲು, ಆಕಾಶದಿಂದ ಹೇಗೂ ಬರುವುದು ಜಗತ್ತಿನ ಸರಾಸರಿಯಲ್ಲಿ 2.4. ಇದು ಹೇಳಿದರೆ ಕೆಲವರಿಗೆ ಸಮಾಧಾನ, ಕೆಲವರಿಗೆ ಇನ್ನೂ ಅನುಮಾನ. ಇರಲಿ. ಎರಡೂ ಕಡೆಯವರಿಗೆ ಉಪಯೋಗ ಆಗುವ ಬೇಡಿಕೆ ಒಂದಿದೆ: ಕೆಲಸ ಶುರು ಆಗುವ ಮೊದಲೇ ಊರಿನ ಬೋರ್‌ವೆಲ್ ನೀರು, ಹಾಲು, ಜೋಳ, ಜನರ ಆರೋಗ್ಯ ಎಲ್ಲ ಅಳೆದು ಊರಿಗೆ ಕಾಪಿ ಕೊಡಿ ಅನ್ನೋದು. ನಮ್ಮ ಬೋರಿನ ನೀರಲ್ಲಿ ಫ್ಲೋರೈಡ್ ಮೊದಲೇ ಇದೆ. ಇಪ್ಪತ್ತು ವರ್ಷ ಆದ ಮೇಲೆ ಮೂಳೆ ನೋವು ಯಾವುದರಿಂದ ಅಂತ ಜಗಳ ಆಡಲು ಇವತ್ತಿನ ಲೆಕ್ಕ ಬೇಕು. ಫ್ರಾನ್ಸಿನಲ್ಲಿ ಪ್ರತಿ ಸ್ಥಾವರಕ್ಕೂ ಒಂದು ಸ್ಥಳೀಯ ಮಾಹಿತಿ ಸಮಿತಿ ಇದೆ, ಊರಿನ ಚುನಾಯಿತರು, ಕಾರ್ಮಿಕ ಸಂಘದವರು, ಪರಿಸರದವರು ಕೂತು ಲೆಕ್ಕ ಕೇಳುತ್ತಾರೆ, 2006ರಿಂದ ಅದಕ್ಕೆ ಕಾನೂನಿನ ಬಲವೂ ಇದೆ. ಅಂಥದ್ದೊಂದು ಇಲ್ಲೂ ಬೇಕು ಅಂತ ಪರ ಇರುವವರೂ ಸಹಿ ಹಾಕಬಹುದು. ನಮ್ಮಲ್ಲಿ ಹಾಕಿದರು.

ಬೇಡ ಅಂದರೆ ಮತ್ತೇನು?

ಈ ಸಭೆಯನ್ನು ಎಲ್ಲರೂ ತಪ್ಪಿಸುತ್ತಾರೆ. 2025ರ ಫೆಬ್ರವರಿ 24ರಂದು ಊರ ಮಗ್ಗುಲಿನ ಉಕ್ಕಿನ ಕಾರ್ಖಾನೆ ಬೆಳೆಯುವುದು ಬೇಡ ಅಂತ ಇಡೀ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೇ ಬೀದಿಗೆ ಬಂದರು. ಬೇಡ ಅನ್ನೋದು ನಮಗೆ ಬರುತ್ತದೆ. ಏನು ಬೇಕು ಅಂತ ಕೂತು ಬರೆದದ್ದು ಕಡಿಮೆ.

ನಮ್ಮ ಸಭೆಯಲ್ಲಿ ಮೂರು ಮಾತು ಬಂದವು. ನವಲಿಯ ಸಮಾನಾಂತರ ಜಲಾಶಯ ಮೊದಲು ಆಗಲಿ, ಹೂಳಿಗೆ ಕಳೆದುಕೊಂಡ ನೀರು ಅಲ್ಲಿ ನಿಲ್ಲಲಿ ಅನ್ನೋದು ಒಂದು. ಸೋಲಾರ್ ಬರಲಿ ಅನ್ನೋದು ಇನ್ನೊಂದು. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ, ಹೊಲ ರೈತರ ಹೆಸರಲ್ಲೇ ಇದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುತ್ತದೆ. ಹೊಲ ಇದ್ದವರಿಗೆ ಚಂದ. ಹೊಲ ಇಲ್ಲದ ಕೂಲಿಯವರಿಗೆ ಅಲ್ಲಿ ಕಳೆ ತೆಗೆಯುವ ಕೆಲಸವೂ ಹೋಯಿತು, ಅದನ್ನೂ ಬರೆದುಕೊಳ್ಳಿ. ಮೂರನೆಯದು ನಾಲ್ಕನೇ ಸಭೆಗೆ ಕೊನೆಗೂ ಬಂದ ಮಸಾರಿ ಹೊಲದವನ ಪ್ರಶ್ನೆ, ನಂಬರ್ 41: "ಸ್ಥಾವರ ಬರ್ಲಿಲ್ಲ ಅಂದ್ರ ನನ್ನ ನಾಲ್ಕೆಕರೆಗೆ ನೀರು ಕೊಡೋರು ಯಾರು?" ಅದರ ಎದುರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಕಾಗದ ತರಿಸುವುದು, ಆಲಿಕೆ ಸಭೆಗೆ ಹೋಗುವುದು

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಎಲ್ಲ ಸಿಟ್ಟನ್ನೂ ಒಂದರಲ್ಲೇ ತುಂಬಿದರೆ ಸುಮ್ನೆ ವಾಪಸ್ ಬರುತ್ತದೆ. "ಯಾಕೆ ಮಾಡುತ್ತಿದ್ದೀರಿ" ಅಂತ ಕೇಳಬೇಡಿ, "ಪತ್ರದ ಪ್ರತಿ ಕೊಡಿ" ಅಂತ ಕೇಳಿ. ಡಿಸಿ ಕಚೇರಿಗೆ ಸರ್ವೆ ನಂಬರ್ ಪಟ್ಟಿ ಕೇಳಿ ಒಂದು, ನೀರಾವರಿ ಇಲಾಖೆಗೆ ನೀರಿನ ಬೇಡಿಕೆ ಪತ್ರ ಕೇಳಿ ಒಂದು, ಭೂಮಿ ಯಾವ ಕಾಯ್ದೆಯಲ್ಲಿ ತಗೊಳ್ಳುತ್ತಾರೆ ಅಂತ ಗೊತ್ತಾಗುವ ಕಡತ ಕೇಳಿ ಇನ್ನೊಂದು.

ಕಾಯ್ದೆ ಯಾವುದು, ಮಾಲೀಕರು ಯಾರು ಅನ್ನೋದು ಸಣ್ಣ ವಿಷಯ ಅಲ್ಲ. 2013ರ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾದರೆ ಶೇಕಡಾ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು, ಸರ್ಕಾರ ಮತ್ತು ಖಾಸಗಿ ಜಂಟಿಯಾದರೆ ಶೇಕಡಾ 70, ಸರ್ಕಾರ ತನಗೇ ತಗೊಂಡರೆ ಒಪ್ಪಿಗೆಯ ಶರತ್ತೇ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ತಂದ "ಶಾಂತಿ" ಅನ್ನೋ ಹೆಸರಿನ ಹೊಸ ಅಣುಶಕ್ತಿ ಕಾಯ್ದೆ ಅಣು ವಿದ್ಯುತ್ತಿಗೆ ಖಾಸಗಿಯವರೂ ಬರಬಹುದು ಅಂದಿದೆ. ಹಾಗಾಗಿ ಈ ಪ್ರಶ್ನೆ ಈಗ ಮೊದಲಿಗಿಂತ ಜಾಸ್ತಿ ಮುಖ್ಯ.

ಫಿನ್‌ಲೆಂಡಿನಲ್ಲಿ ಊರಿನ ಕೌನ್ಸಿಲ್ ಒಪ್ಪದೆ ಅಣುಸ್ಥಾವರ ಬರುವ ಹಾಗಿಲ್ಲ. ನಮ್ಮ ಪಂಚಾಯ್ತಿಗೆ ಅಂಥ ಅಧಿಕಾರ ಇಲ್ಲ. ಅರಣ್ಯ ಹಕ್ಕು ಕಾಯ್ದೆ ಅನ್ವಯ ಆಗುವ ಜಾಗದಲ್ಲಿ ಮಾತ್ರ ಗ್ರಾಮಸಭೆಯ ಮಾತಿಗೆ ಬಲ ಇದೆ. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ 12 ಗ್ರಾಮಸಭೆಗಳು ಗಣಿ ಬೇಡ ಅಂದು ನಿಲ್ಲಿಸಿದವು. ಬೇರೆ ಕಡೆಯೂ ಗ್ರಾಮಸಭೆ ಠರಾವು ಮಾಡಿ, ಪಿಡಿಒ ಸಹಿ, ಸೀಲು ಇರಲಿ, ಕೋರಂ ಸರಿಯಾಗಿ ಇರಲಿ. ಆಮೇಲೆ ಅದು ಎಲ್ಲ ಕಡೆ ಬೇಕಾಗುತ್ತದೆ.

ಕೊನೆಗೆ ಪರಿಸರ ಆಲಿಕೆ ಸಭೆ, ಅಂದರೆ ಯೋಜನೆಯ ಬಗ್ಗೆ ಜನರ ಅಹವಾಲು ಕೇಳುವ ಸಭೆ. ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ, ಡಿಸಿ ಅಥವಾ ಅವರ ಪರವಾಗಿ ಎಡಿಸಿ ಮಟ್ಟದವರು ಕೂತಿರುತ್ತಾರೆ. ಕಡಿಮೆ ಅಂದರೂ 30 ದಿನ ಮೊದಲು ಪೇಪರಿನಲ್ಲಿ ಪ್ರಕಟಣೆ ಬರಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನೋ ವರದಿಯ ಕರಡು ಡಿಸಿ ಕಚೇರಿ, ಜಿಲ್ಲಾ ಪಂಚಾಯ್ತಿಯಲ್ಲಿ ಓದಲು ಸಿಗಬೇಕು, ಸಾರಾಂಶ ಕನ್ನಡದಲ್ಲಿರಬೇಕು. ಪೂರ್ತಿ ವರದಿ ದಪ್ಪ, ಇಂಗ್ಲಿಷಿನಲ್ಲಿ. ಊರಿನ ಡಿಗ್ರಿ ಹುಡುಗ ಹುಡುಗಿಯರಿಗೆ ಒಬ್ಬೊಬ್ಬರಿಗೆ ಒಂದು ಅಧ್ಯಾಯ ಹಂಚಿ. ಊರಿನ ಹೆಸರು, ಬೆಳೆ, ಕೆರೆ, ಬಾವಿ ಸರಿಯಾಗಿ ಬರೆದಿದ್ದಾರಾ ಅಂತ ಮೊದಲು ನೋಡಲಿ, ತಪ್ಪು ಸಿಗುವುದು ಅಲ್ಲೇ. ಕೈಗಾದ 5 ಮತ್ತು 6ನೇ ಘಟಕಕ್ಕೆ 2018ರ ಡಿಸೆಂಬರ್‌ನಲ್ಲಿ ಮಲ್ಲಾಪುರದಲ್ಲಿ ಇಂಥ ಸಭೆ ಆಗಿತ್ತು. ಅಲ್ಲಿಗೆ ಹೋದವರು ಯಾರಾದರೂ ಸಿಕ್ಕರೆ ಫೋನಿನಲ್ಲಾದರೂ ಮಾತಾಡಿ.

ಸಭೆಯಲ್ಲಿ ಬೇಡ ಅಂದ ಮಾತ್ರಕ್ಕೆ ಯೋಜನೆ ನಿಲ್ಲುವುದಿಲ್ಲ, ಇದನ್ನು ಊರಿಗೆ ಮೊದಲೇ ಹೇಳಿಬಿಡಿ. ಆದರೆ ಎತ್ತಿದ ಪ್ರತಿ ವಿಷಯಕ್ಕೂ ಅವರು ಕೊನೆಯ ವರದಿಯಲ್ಲಿ ಉತ್ತರ ಬರೆಯಬೇಕು. ಹಾಗಾಗಿ ಭಾಷಣ ಬೇಡ, ನೋಟ್‌ಬುಕ್ಕಿನ ಪ್ರಶ್ನೆ ನಂಬರ್ ಪ್ರಕಾರ ಓದಿ. ಒಬ್ಬರಿಗೆ ಮೂರು ಪ್ರಶ್ನೆ ಸಾಕು. ಬರಹದಲ್ಲೂ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಎಲ್ಲ ಮುಗಿದ ಮೇಲೆ ನಡಾವಳಿಯನ್ನು ಅಲ್ಲೇ, ಕನ್ನಡದಲ್ಲಿ, ಓದಿ ಹೇಳಬೇಕು ಅಂತ ನಿಯಮ ಇದೆ. ಅಷ್ಟು ಹೊತ್ತಿಗೆ ಜನ ಊಟ ಮುಗಿಸಿ ಬಸ್ಸಿಗೆ ಹೋಗಿರುತ್ತಾರೆ, ಖಾಲಿ ಕುರ್ಚಿಗೆ ಓದಿ ಮುಗಿಸುತ್ತಾರೆ. ಒಂದು ಟಂಟಂ ಮೊದಲೇ ಗೊತ್ತು ಮಾಡಿಕೊಂಡು ಹತ್ತು ಜನ ಕೊನೆ ತನಕ ಕೂತಿರಿ, ಕೈಯಲ್ಲಿ ನಿಮ್ಮ ನೋಟ್‌ಬುಕ್ ಇರಲಿ. ಯಾವ ನಂಬರ್ ಬಿಟ್ಟಿದ್ದಾರೋ ಅಲ್ಲೇ ಎದ್ದು ಹೇಳಿ, ಕ್ಯಾಮೆರಾ ಇನ್ನೂ ಓಡುತ್ತಿರುತ್ತದೆ.